ತೆವರಿಯ ಮೇಲಿನ ಉರುಳು ಯಾರದು?

ನಾಗಮಂಗಲದ ಹೊಲದವನು

ನಾಗಮಂಗಲ ತಾಲ್ಲೂಕಿನಲ್ಲಿ ತಂದೆಯವರಿಂದ ಬಂದ 4 ಎಕರೆ 10 ಗುಂಟೆ ಖುಷ್ಕಿ ಜಮೀನು ನನ್ನ ಹೆಸರಿನಲ್ಲಿದೆ. ನಾನು ಮೈಸೂರಿನಲ್ಲಿ ನೌಕರಿಯಲ್ಲಿದ್ದೇನೆ. ಊರ ಮಗ್ಗುಲಿನ ಎರಡು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು ರಾಗಿ, ಹುರುಳಿ ಮಾಡಿಸುತ್ತಿದ್ದೇನೆ. ಹಳ್ಳದ ಕಡೆಯ ಉಳಿದ ಭಾಗ ಏಳೆಂಟು ವರ್ಷದಿಂದ ಬೀಳು ಬಿದ್ದು, ಅಲ್ಲಿ ಲಂಟಾನ, ಜಾಲಿ ಎದ್ದಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದಕ್ಕೆಲ್ಲ ಆ ಬೀಳೇ ಮೂಲವೆಂಬುದು ಪಕ್ಕದ ಹೊಲದವರ ವಾದ.

ಈ ಸಲ ಯುಗಾದಿಯ ಮರುದಿನ, ಹೊಸತೊಡಕಿನ ದಿನ ಬೆಳಿಗ್ಗೆ ಏಳೆಂಟು ಹುಡುಗರು ನಾಲ್ಕು ನಾಯಿ, ಎರಡು ಬಲೆಗಳೊಂದಿಗೆ ನಮ್ಮ ಬೀಳಿಗೆ ನುಗ್ಗಿ, ಪೊದೆ ಬಡಿದು ಮೊಲ ಎಬ್ಬಿಸಿದರಂತೆ. ವಾರಕ್ಕೆ ಮಾಡುವವರು ತಡೆಯಲು ಹೋದಾಗ, "ಗೌಡ್ರನ್ನ ಕೇಳ್ಕೊಂಡೇ ಬಂದಿದ್ದೀವಿ, ನಿಮ್ದೇನು?" ಎಂದರಂತೆ. ಗೌಡರೆಂದರೆ ಪಕ್ಕದ ಸರ್ವೆ ನಂಬರಿನವರು. ಅವರನ್ನು ವಿಚಾರಿಸಿದಾಗ, ತಮ್ಮ ಹೊಲದಲ್ಲಿ ಓಡಾಡಲು ಒಪ್ಪಿದ್ದು ನಿಜ, ನನ್ನ ಹೊಲಕ್ಕೆ ಹೋಗಿರೆಂದು ಹೇಳಿಲ್ಲ, ನಾಯಿಗೆ ಹದ್ದು ತಿಳಿಯುತ್ತದೆಯೇ ಎಂದರು.

ಅದನ್ನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಇಪ್ಪತ್ತು ದಿನ ಕಳೆದ ಮೇಲೆ, ವಾರದವರ ನಾಯಿಯೇ ಎರಡು ಹೊಲಗಳ ನಡುವಿನ ತೆವರಿಯ ಮೇಲೆ ಹಾಕಿದ್ದ ಉರುಳಿಗೆ ಸಿಕ್ಕಿಕೊಂಡಿತು. ಬೈಕಿನ ಬ್ರೇಕ್ ವೈರಿನಿಂದ ಹಂದಿಗೆಂದು ಮಾಡಿದ ಉರುಳು. ಕುತ್ತಿಗೆಗೆ ಬೀಳದೆ ಸೊಂಟಕ್ಕೆ ಬಿಗಿದದ್ದರಿಂದ ನಾಯಿ ಉಳಿಯಿತು. ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಗೂಟ ಸಮೇತ ಕಿತ್ತು, ಮಹಜರು ಬರೆಯುವಾಗ ಕೇಳಿದ ಮೊದಲ ಪ್ರಶ್ನೆಯೇ ಈ ತೆವರಿ ಯಾರದು ಎಂಬುದು. ನಾನು ಪಕ್ಕದವರದೆಂದೆ, ಪಕ್ಕದವರು ನನ್ನದೆಂದರು. ಹುಲ್ಲು ಕೊಯ್ಯುವ ಕಾಲದಲ್ಲಿ ಇಬ್ಬರೂ ಅದನ್ನು ನಮ್ಮದೆನ್ನುತ್ತಿದ್ದೆವು.

ಫೋನಿನ ಆ್ಯಪ್ ಹಿಡಿದು ಹೊಲದ ಸುತ್ತ ನಡೆದು ಅಳೆದೆ. ತೆವರಿ ಪಕ್ಕದವರ ಕಡೆಗೇ ಬರುತ್ತದೆ. ಹಾಗಿದ್ದರೂ ಉರುಳು ನನ್ನ ಹದ್ದಿನೊಳಗೆ ಇತ್ತೆಂದು ಬರೆದುಕೊಂಡರೆ ನಾನು ಆರೋಪಿಯಾಗುತ್ತೇನೆಯೇ, ಬೇಲಿಯಿಲ್ಲದ ಹೊಲಕ್ಕೆ ಬೇಟೆಗೆಂದು ಬಂದವರ ಮೇಲೆ ಅತಿಕ್ರಮ ಪ್ರವೇಶದ ದೂರು ನಿಲ್ಲುತ್ತದೆಯೇ, ಪಕ್ಕದವರು ಕೊಟ್ಟ ಅನುಮತಿಗೆ ಏನಾದರೂ ಬೆಲೆಯಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಹುಣಸೂರಿನ ಬೆಳೆಗಾರ

ತಾವು ಬೇಸರ ಮಾಡಿಕೊಳ್ಳಬಾರದು. ನನಗೆ ನಿಮಗಿಂತ ನಿಮ್ಮ ಪಕ್ಕದವರ ಸಂಕಟವೇ ಹೆಚ್ಚು ಅರ್ಥವಾಗುತ್ತದೆ. ನಮ್ಮಲ್ಲಿ ಮುಸುಕಿನ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿ ಹಿಂಡು ಇಳಿದರೆ, ತಿಂದದ್ದಕ್ಕಿಂತ ಕೆಡವಿ ತುಳಿದದ್ದೇ ಹೆಚ್ಚಿರುತ್ತದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದವನಿಗೆ, ಹಗಲಿನಲ್ಲಿ ಆ ಹಂದಿಗಳು ಎಲ್ಲಿ ಮಲಗುತ್ತವೆ ಎಂಬುದು ಗೊತ್ತಿರುತ್ತದೆ: ಪಟ್ಟಣದಲ್ಲಿರುವ ಮಾಲೀಕನ ಬೀಳಿನಲ್ಲಿ. ಉರುಳು ಹಾಕಿದ್ದು ತಪ್ಪು. ಆದರೆ ಎರಡು ಎಕರೆ ಲಂಟಾನ ಬೆಳೆಸಿಟ್ಟವರು ಹದ್ದಿನ ಮಾತು ಎತ್ತಿದಾಗ ಊರಿನಲ್ಲಿ ಯಾರೂ ಕಿವಿಗೊಡುವುದಿಲ್ಲ.

ಮೈಸೂರಿನ ವಕೀಲೆ

ಮೂರು ಪ್ರಶ್ನೆಗಳನ್ನೂ ಬೇರೆ ಬೇರೆ ಹಿಡಿಯಬೇಕು, ಅನುಮತಿಯದನ್ನು ಮೊದಲು. ಹೊಲದ ಮಾಲೀಕ ಒಪ್ಪಿದರೆ ಅವನ ಹದ್ದಿನೊಳಗೆ ಬೇಟೆಯಾಡಬಹುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾನೂನಿನ ಆಧಾರ ಎಳ್ಳಷ್ಟೂ ಇಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುವಾಗ ಕಾಡು, ಕಂದಾಯ ಭೂಮಿ, ಖಾಸಗಿ ಹೊಲ ಎಂಬ ಭೇದ ಮಾಡುವುದಿಲ್ಲ. ನಿಮ್ಮ ಪಹಣಿಯಲ್ಲಿ ನೆಲ ನಿಮ್ಮದು. ಅದರ ಮೇಲೆ ಓಡುವ ಮೊಲ ನಿಮ್ಮದಲ್ಲ. ಬೇಟೆಯಾದ ಪ್ರಾಣಿ 39ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತಾಗುತ್ತದೆ, ಅದು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಹಾಗಾಗಿ ಗೌಡರು ಕೊಟ್ಟದ್ದು ತಮ್ಮ ಬಳಿ ಇಲ್ಲದ ಅನುಮತಿ. ಬೇಟೆಗೆಂದು ತಿಳಿದೂ ಕೊಟ್ಟಿದ್ದರೆ ಅದು ಅವರಿಗೇ ತಿರುಗಬಹುದು, ಏಕೆಂದರೆ 52ನೇ ಕಲಂ ಪ್ರಯತ್ನಕ್ಕೂ ಕುಮ್ಮಕ್ಕಿಗೂ ಕೃತ್ಯಕ್ಕಿರುವ ಶಿಕ್ಷೆಯನ್ನೇ ವಿಧಿಸುತ್ತದೆ.

ಬೇಟೆ ಎಂದೊಡನೆ ಕೋವಿಯನ್ನೇ ನೆನೆಯಬಾರದು. ಕಾಯ್ದೆಯ ವ್ಯಾಖ್ಯೆಯಲ್ಲಿ ಕೊಲ್ಲುವುದರ ಜೊತೆಗೆ ವಿಷವಿಡುವುದು, ಉರುಳು ಹಾಕುವುದು, ಬೋನಿಡುವುದು, ಎಬ್ಬಿಸಿ ಅಟ್ಟುವುದು, ನಾಯಿ ಬಿಟ್ಟು ಓಡಿಸುವುದು, ಆಸೆ ತೋರಿಸಿ ಸೆಳೆಯುವುದು, ಇವೆಲ್ಲವುಗಳ ಪ್ರಯತ್ನವೂ ಸೇರಿವೆ. ಹೊಸತೊಡಕಿನ ಹುಡುಗರಿಗೆ ಮೊಲ ಸಿಕ್ಕಿತೋ ಇಲ್ಲವೋ ಎಂಬುದು ಆದ್ದರಿಂದ ಮುಖ್ಯವಾಗುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಮೊಲವೂ ಕಾಡುಹಂದಿಯೂ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಯಾದ ಎರಡನೇ ಅನುಸೂಚಿಯಲ್ಲಿವೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅದೇ ಉರುಳಿಗೆ ಕಿರುಬವೋ ನವಿಲೋ ಬಿದ್ದಿದ್ದರೆ ಮೊದಲನೇ ಅನುಸೂಚಿ ಅನ್ವಯವಾಗಿ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಉರುಳಿಗೆ ಯಾವ ಪ್ರಾಣಿ ಬೀಳುತ್ತದೆ ಎಂಬುದು ಹಾಕಿದವನ ಕೈಯಲ್ಲಿ ಇರುವುದಿಲ್ಲ.

ಇನ್ನು ಅತಿಕ್ರಮ ಪ್ರವೇಶ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ, ಬೇರೆಯವರ ಸ್ವಾಧೀನದಲ್ಲಿರುವ ಜಾಗಕ್ಕೆ ಕಾಲಿಟ್ಟ ಮಾತ್ರಕ್ಕೆ ಕ್ರಿಮಿನಲ್ ಅತಿಕ್ರಮವಾಗುವುದಿಲ್ಲ. ಅಪರಾಧ ಎಸಗುವ, ಇಲ್ಲವೇ ಸ್ವಾಧೀನದಾರನನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶವಿರಬೇಕು. ದನ ಹುಡುಕಿಕೊಂಡು ತೆವರಿ ದಾಟಿದವನ ಮೇಲೆ ಇದು ನಿಲ್ಲದಿರುವುದು ಈ ಕಾರಣಕ್ಕೆ. ಬಲೆ ಹಿಡಿದು ಬಂದವನ ವಿಷಯ ಬೇರೆ: ಬೇಟೆಯೇ ಅಪರಾಧವಾಗಿರುವುದರಿಂದ ಉದ್ದೇಶವನ್ನು ಪ್ರತ್ಯೇಕವಾಗಿ ಹುಡುಕಬೇಕಾಗಿಲ್ಲ, ಬಲೆಯೇ ಅದನ್ನು ಹೇಳುತ್ತದೆ. ಬೇಲಿ ಇಲ್ಲದಿರುವುದು ಅವರಿಗೆ ರಕ್ಷಣೆಯಾಗದು. ಶಿಕ್ಷೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ದಂಡ 500 ರೂಪಾಯಿ ಇತ್ತು.

ನಿಮ್ಮ ಭಯದ ಬಗ್ಗೆ ಒಂದು ಮಾತು. ಉರುಳು ನಿಮ್ಮ ಹದ್ದಿನಲ್ಲಿ ಸಿಕ್ಕಿತೆಂಬುದೊಂದೇ ನಿಮ್ಮನ್ನು ಅಪರಾಧಿಯನ್ನಾಗಿ ಮಾಡುವುದಿಲ್ಲ. ಹಾಕಿದವರು ಯಾರು, ನಿಮಗೆ ತಿಳಿದಿತ್ತೇ, ತಿಳಿದೂ ಸುಮ್ಮನಿದ್ದು ಅನುಕೂಲ ಮಾಡಿಕೊಟ್ಟಿರೇ ಎಂಬುದು ತನಿಖೆಯ ವಿಷಯ. ಹೊಸತೊಡಕಿನ ಘಟನೆಯನ್ನು ನೀವು ಆಗಲೇ ಬರಹದಲ್ಲಿ ತಿಳಿಸಿದ್ದರೆ ಇಂದು ನಿಮ್ಮ ಮಾತಿಗೆ ತೂಕ ಬರುತ್ತಿತ್ತು. ಈಗಲಾದರೂ ವಲಯ ಅರಣ್ಯಾಧಿಕಾರಿಗಳಿಗೂ ಠಾಣೆಗೂ ಎರಡು ಘಟನೆಗಳನ್ನು ಸೇರಿಸಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಶ್ರೀರಂಗಪಟ್ಟಣದವರು

ನನ್ನ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅಲ್ಲಿ ಹೊಲದಂಚಿನ ಮರ, ಕಂಬಗಳಿಗೆ ನೇರಳೆ ಬಣ್ಣದ ಪಟ್ಟೆ ಬಳಿದರೆ ಒಳಗೆ ಬರಬಾರದೆಂದು ಅರ್ಥ. ಪಟ್ಟೆ ಎಂಟು ಅಂಗುಲ ಉದ್ದ, ಒಂದು ಅಂಗುಲ ಅಗಲಕ್ಕೆ ಕಡಿಮೆಯಿರಬಾರದು, ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿರಬೇಕು, ಕಾಡಿನ ಜಾಗದಲ್ಲಾದರೆ ನೂರು ಅಡಿಗೊಂದರಂತೆ ಇರಬೇಕು ಎಂದೆಲ್ಲ ಕಾನೂನಿನಲ್ಲೇ ಬರೆದಿದ್ದಾರೆ. ಫಲಕವನ್ನಾದರೆ ಕಿತ್ತೆಸೆಯಬಹುದು, ಬಣ್ಣವನ್ನು ಕೀಳಲಾಗದು. ನಮ್ಮಲ್ಲಿಯೂ ಇಂಥದೊಂದು ಗುರುತು ಬಂದರೆ ಒಳ್ಳೆಯದಲ್ಲವೇ?

ಮೈಸೂರಿನ ವಕೀಲೆ

ಗುರುತು ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಬೇಟೆಯು ಪರವಾನಗಿ ಪಡೆದು ಋತುಮಾನದಲ್ಲಿ ನಡೆಯುವ, ಸಕ್ರಮವಾದ ಚಟುವಟಿಕೆ. ಮಾಲೀಕ ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇಲ್ಲಿ 'ನನ್ನ ಅನುಮತಿಯಿಲ್ಲದೆ ಬೇಟೆಯಾಡಬಾರದು' ಎಂದು ಫಲಕ ಹಾಕಿದರೆ, ಅನುಮತಿ ಕೊಡಲು ನನಗೆ ಅಧಿಕಾರವಿದೆ ಎಂದು ನೀವೇ ಬರೆದುಕೊಟ್ಟಂತಾಗುತ್ತದೆ. 'ಬೇಟೆ ನಿಷೇಧಿಸಲಾಗಿದೆ' ಎಂದಷ್ಟೇ ಬರೆಯಿಸಿ.

ನಿವೃತ್ತ ಭೂಮಾಪಕ, ಮಂಡ್ಯ

ಆ್ಯಪ್ ಹಿಡಿದು ಅಳೆದೆನೆಂಬುದನ್ನು ಓದಿ ನಗು ಬಂತು. ಇದು ನಿಮ್ಮೊಬ್ಬರ ಮಾತಲ್ಲ, ಈಗ ಎಲ್ಲರೂ ಹೀಗೆಯೇ ಹೇಳುತ್ತಾರೆ. ಬಯಲಿನಲ್ಲಿಯೂ ಫೋನಿನ ಸ್ಥಾನ ಹತ್ತು ಹದಿನೈದು ಅಡಿ ಆಚೀಚೆ ತೋರಿಸುತ್ತದೆ. ನಿಮ್ಮ ತೆವರಿಯ ಅಗಲ ಎಷ್ಟು? ಎರಡು ಅಡಿ, ಹೆಚ್ಚೆಂದರೆ ಮೂರು. ಹತ್ತು ಅಡಿ ತಪ್ಪುವ ಸಾಧನದಿಂದ ಮೂರು ಅಡಿಯ ತೆವರಿ ಯಾರದೆಂದು ಹೇಳಲಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ 33 ಅಡಿಯ ಸರಪಳಿ ಹಿಡಿದು ಅಳೆಯುತ್ತಿದ್ದೆವು. ಸರಪಳಿಗೆ 16 ಆಣೆ, ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ; ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರಡಿ. ಹಳೆಯ ಟಿಪ್ಪಣಿ ಪುಸ್ತಕಗಳೆಲ್ಲ ಆ ಲೆಕ್ಕದಲ್ಲೇ ಇವೆ. ಈಗ ಉಪಕರಣ ಬದಲಾಗಿದ್ದರೂ ಆಧಾರ ಅದೇ ಟಿಪ್ಪಣಿ, ಅದೇ ಗ್ರಾಮ ನಕಾಶೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ಇಂಥವರ ಜಮೀನು' ಎಂದಿರುತ್ತದೆಯೇ ಹೊರತು ತೆವರಿಯ ಯಾವ ಅಂಚು ಹದ್ದು ಎಂದು ಇರುವುದಿಲ್ಲ. ಉಳುವಾಗ ವರ್ಷಕ್ಕೆ ಒಂದು ಗೇಣು ತೆವರಿಯನ್ನು ಕೆತ್ತಿಕೊಂಡವರು, ಹತ್ತು ವರ್ಷದ ಮೇಲೆ ತೆವರಿಯೇ ನಡೆದುಕೊಂಡು ಹೋಯಿತೇನೋ ಎಂಬಂತೆ ಮಾತನಾಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಆದ್ದರಿಂದ ತೆವರಿ ಇರುವಲ್ಲೇ ಹದ್ದಿದೆ ಎಂದುಕೊಳ್ಳಬೇಡಿ. ಹದ್ದನ್ನು ಹೇಳುವುದು ಬಾಂದು ಕಲ್ಲು, ಅದಿಲ್ಲದಿದ್ದರೆ ಅಳತೆ.

ನೀವು ಮಾಡಬೇಕಾದದ್ದು ಹದ್ದುಬಸ್ತಿಗೆ, ಅಂದರೆ ಅಳೆದು ಹದ್ದು ಗುರುತಿಸಿಕೊಡಲು, ಅರ್ಜಿ. ನಾಡಕಚೇರಿಯಲ್ಲಿ ಶುಲ್ಕ ಕಟ್ಟಿ ಕೊಡಬಹುದು. ಅಳತೆಗೆ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಅವರು ಬಂದು ನಿಲ್ಲಲಿ, ಬಾರದಿರಲಿ, ನೋಟಿಸು ಮುಟ್ಟಿದ ದಾಖಲೆ ಮುಖ್ಯ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಒಟ್ಟಿಗಿದ್ದು ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡುವುದು, ಆಗಿಲ್ಲವಾದರೆ ಮೊದಲು ಅದನ್ನು ಮುಗಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದನ್ನು ಯಾರೂ ಎತ್ತಲಿಲ್ಲ. ಹಳ್ಳದ ಕಡೆ ಎಂದಿರಿ. ನಿಮ್ಮ ಸರ್ವೆ ನಂಬರಿನಲ್ಲಿ 'ಬ' ಖರಾಬು ಎಷ್ಟಿದೆ ಎಂದು ಪಹಣಿಯಲ್ಲಿ ನೋಡಿ. ಹಳ್ಳ, ಬಂಡಿದಾರಿ, ಕಾಲುದಾರಿಗಳು ಅದರಲ್ಲಿ ಬರುತ್ತವೆ, ಅವು ಸಾರ್ವಜನಿಕವಾದವು. ನಿಮ್ಮ ಹೊಲದ ನಡುವೆಯೇ ಹಾದರೂ ಅಲ್ಲಿ ನಡೆಯುವವರನ್ನು ತಡೆಯಲು ನಿಮಗೆ ಹಕ್ಕಿಲ್ಲ. ಬೇಟೆಗಾರರ ಮೇಲಿನ ಕೋಪಕ್ಕೆ ಬೇಲಿ ಹಾಕಿ ಊರಿನವರ ಬಂಡಿದಾರಿಯನ್ನೂ ಮುಚ್ಚಿ, ಕೊನೆಗೆ ತಹಶೀಲ್ದಾರರ ಮುಂದೆ ತಾವೇ ಎದುರುದಾರರಾಗಿ ನಿಂತವರಿದ್ದಾರೆ.

ಪಾಂಡವಪುರದ ದನದವರು

ನಾವು ಮೇಲುಕೋಟೆ ಬೆಟ್ಟದ ಕೆಳಗಿನವರು. ಉರುಳಾದರೂ ಕಣ್ಣಿಗೆ ಕಾಣುತ್ತದೆ. ಸಿಡಿಮದ್ದಿನ ಉಂಡೆ ಕಾಣುವುದಿಲ್ಲ. ಹಂದಿಗೆಂದು ಹಿಟ್ಟಿನಲ್ಲಿ ಸುತ್ತಿ ತೆವರಿಯ ಮೇಲೆ ಇಟ್ಟದ್ದನ್ನು ನಮ್ಮ ಹಸು ಕಚ್ಚಿ, ಕೆಳದವಡೆ ಒಡೆದುಹೋಯಿತು. ಹಾಲು ಕೊಡುತ್ತಿದ್ದ ಹಸು. ನಾಲ್ಕು ದಿನ ಮೇವೂ ತಿನ್ನದೆ, ನೀರೂ ಕುಡಿಯಲಾರದೆ ಹೋಯಿತು. ಆ ತೆವರಿ ಯಾರದೆಂದು ಆಗಲೂ ಇಬ್ಬರು ಒಬ್ಬರ ಮೇಲೊಬ್ಬರು ಹಾಕಿದರು, ನನಗೆ ಯಾರಿಂದಲೂ ಏನೂ ಸಿಗಲಿಲ್ಲ. ಇಲ್ಲಿ 1974ರಿಂದ ವನ್ಯಜೀವಿ ಧಾಮವಿದೆ, ತೋಳಗಳಿರುವ ಜಾಗ. ಅದರ ಅಂಚಿನ ಹೊಲಗಳಲ್ಲಿಯೇ ಹೀಗಾದರೆ ಉಳಿದ ಕಡೆ ಕೇಳುವವರು ಯಾರು?

ಪಿರಿಯಾಪಟ್ಟಣದಿಂದ

ಕೋವಿಯ ವಿಷಯದಲ್ಲಿಯೂ ಇದೇ ಗೊಂದಲವಿದೆ. ನಮಗೆ ಕೊಡಗು ಪಕ್ಕದಲ್ಲೇ ಇದೆ, ನೆಂಟರೂ ಅಲ್ಲಿದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಹಕ್ಕು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಆದರೆ ಅದು ಕೋವಿಯನ್ನು ಹೊಂದುವುದಕ್ಕಿರುವ ವಿನಾಯಿತಿ, ಬೇಟೆಗೆ ಅಲ್ಲ. ನಮ್ಮ ಕಡೆಯ ರೈತರಿಗೆ 1959ರ ಆಯುಧ ಕಾಯ್ದೆಯಡಿ ಬೆಳೆ ರಕ್ಷಣೆಗೆಂದು ಕೊಡುವ ಕೇಪಿನ ಕೋವಿಯ ಪರವಾನಗಿಯೂ ಹಾಗೆಯೇ: ಗಾಳಿಗೆ ಈಡು ಹೊಡೆದು ಬೆದರಿಸಬಹುದು, ಹಂದಿಯನ್ನು ಉರುಳಿಸಿ ಹಂಚಿಕೊಳ್ಳುವಂತಿಲ್ಲ.

ಹುಣಸೂರಿನ ಬೆಳೆಗಾರ

ಹಾಗಾದರೆ ಬೆಳೆಗಾರ ಏನು ಮಾಡಬೇಕೆಂಬುದನ್ನೂ ಕಾನೂನು ಬಲ್ಲವರು ಹೇಳಿಬಿಡಲಿ. ಉರುಳು ಬೇಡ, ಮದ್ದು ಬೇಡ, ಕೋವಿ ಬೇಡ. ಕರೆಂಟು ತಂತಿಯಂತೂ ಬೇಡವೇ ಬೇಡ, ಅದನ್ನು ನಾನೂ ಒಪ್ಪುತ್ತೇನೆ. ರಾತ್ರಿ ನೀರು ಹಾಯಿಸಲು ಹೋದವರು ಪಕ್ಕದ ಹೊಲದ ತಂತಿ ತಗುಲಿ ಸತ್ತದ್ದನ್ನು ನಮ್ಮ ಕಡೆ ಕಂಡಿದ್ದೇವೆ.

ಮೈಸೂರಿನ ವಕೀಲೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಬೆಳೆಗೆ ಅಪಾಯ ತರುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು, ಕಾರಣಗಳನ್ನು ಬರೆದು ಲಿಖಿತ ಆದೇಶ ಕೊಡುವ ಅಧಿಕಾರ 11ನೇ ಕಲಮಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ನೇಮಿಸಿದ ಅಧಿಕಾರಿಗೂ ಇದೆ. ಯಾವುದೇ ಜಮೀನಿನಲ್ಲಿ ನಿಂತ ಬೆಳೆ ಎಂಬ ಮಾತು ಆ ಕಲಮಿನಲ್ಲಿಯೇ ಬರುತ್ತದೆ. ಅನುಮತಿ ಹುಟ್ಟುವುದು ಅಲ್ಲಿಂದ, ಗೌಡರ ಜಗಲಿಯಿಂದಲ್ಲ. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ, ಆದರೆ ಆ ವಿನಾಯಿತಿ ಪ್ರಾಣಕ್ಕೆ ಸಂಬಂಧಿಸಿದ್ದು, ಜೋಳಕ್ಕಲ್ಲ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬಹುದು. ಆ ಮೊತ್ತ ನಿಮ್ಮ ನಷ್ಟಕ್ಕೆ ಸಮನಾಗುತ್ತದೆಂದು ನಾನು ಹೇಳಲಾರೆ. ಆದರೆ ಹಂದಿಯ ಹಾವಳಿ ದಾಖಲೆಗೆ ಸೇರಿದರೆ, 11ನೇ ಕಲಮಿನ ಅರ್ಜಿಗೂ ಅದೇ ಆಧಾರವಾಗುತ್ತದೆ. ಸೌರ ಬೇಲಿಯನ್ನು ಸರಿಯಾದ ಯಂತ್ರದೊಂದಿಗೆ ಹಾಕಿಸಿದರೆ ಅದು ಬಿಟ್ಟು ಬಿಟ್ಟು ಹೊಡೆಯುತ್ತದೆ, ಕೊಲ್ಲುವುದಿಲ್ಲ. ಅದೇ ತಂತಿಗೆ ಪಂಪ್‌ಸೆಟ್ಟಿನ ಕರೆಂಟು ಕೊಟ್ಟವರು ಮನುಷ್ಯರ ಸಾವಿಗೂ ಉತ್ತರ ಹೇಳಬೇಕಾಗುತ್ತದೆ.

ಮೂಲ ಲೇಖಕರಿಗೆ ಇನ್ನೊಂದು ಸೂಚನೆ. ಮುಂದೆ ಯಾರಾದರೂ ನಾಯಿ ಹಿಡಿದು ಬಂದರೆ ನಿಮ್ಮ ವಾರದವರನ್ನು ಎದುರಿಗೆ ನಿಲ್ಲಿಸಬೇಡಿ. ಊರಿನಲ್ಲಿ ಬಾಳಬೇಕಾದವರು ಅವರು. ದೂರದಿಂದ ಫೋಟೊ ತೆಗೆದು, 112ಕ್ಕೋ ಅರಣ್ಯ ಸಹಾಯವಾಣಿ 1926ಕ್ಕೋ ಕರೆ ಮಾಡಿದರೆ ಸಾಕು. ಇಲಾಖೆ ಸುಮ್ಮನಿದ್ದರೆ, 55ನೇ ಕಲಮಿನ ಪ್ರಕಾರ 60 ದಿನಗಳ ನೋಟಿಸು ಕೊಟ್ಟು ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.

ನಾಗಮಂಗಲದ ಹೊಲದವನು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆ, ಹದ್ದುಬಸ್ತಿಗೂ ಅರ್ಜಿ ಹಾಕಿದೆ. ನೋಟಿಸು ಮುಟ್ಟಿದ ದಿನವೇ ಪಕ್ಕದವರು ಫೋನ್ ಮಾಡಿ, "ಏನಪ್ಪ, ನಿಮ್ಮಪ್ಪ ಇದ್ದಾಗ ಒಂದು ದಿನಾನೂ ಅಳತೆ ಮಾಡ್ಸಿರಲಿಲ್ಲ" ಎಂದರು. ಆದರೂ ಅಳತೆಯ ದಿನ ಎಲ್ಲರಿಗಿಂತ ಮೊದಲು ಬಂದು, ಹಳ್ಳದ ಕಡೆಯ ಬಾಂದು ಕಲ್ಲು ಮಣ್ಣಿನಲ್ಲಿ ಹೂತುಹೋಗಿದ್ದ ಜಾಗವನ್ನು ಅವರೇ ತೋರಿಸಿದರು.

ಭೂಮಾಪಕರು ಗೆರೆ ಎಳೆದಾಗ ಉರುಳಿನ ಗೂಟ ಕಿತ್ತ ಗುಂಡಿ ನನ್ನ ಹದ್ದಿನೊಳಗೆ ಒಂದೂವರೆ ಅಡಿ ಬಂತು. ತೆವರಿ ಪೂರ್ತಿ ನನ್ನದೇ. ಫೋನಿನ ಆ್ಯಪ್ ಸುಳ್ಳಾಯಿತು, ಮಹಜರಿನಲ್ಲಿ ನಾನು ಕೊಟ್ಟ ಹೇಳಿಕೆಯೂ ಸುಳ್ಳಾಯಿತು. ವಕೀಲೆಯವರ ಸಲಹೆಯಂತೆ ಅಳತೆಯ ನಕ್ಷೆ ಲಗತ್ತಿಸಿ, ಹಿಂದಿನ ಹೇಳಿಕೆ ತಪ್ಪು ತಿಳಿವಳಿಕೆಯಿಂದ ಆದದ್ದೆಂದು ವಲಯ ಅರಣ್ಯಾಧಿಕಾರಿಗಳಿಗೆ ಮತ್ತೊಂದು ಪತ್ರ ಕೊಟ್ಟಿದ್ದೇನೆ. ಹೊಸತೊಡಕಿನ ಹುಡುಗರಲ್ಲಿ ಮೂವರನ್ನು ಕರೆಸಿ ವಿಚಾರಿಸಿದ್ದಾರೆ. ಉರುಳು ಹಾಕಿದವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಪಕ್ಕದವರನ್ನು ನಾನು ಅದರ ಬಗ್ಗೆ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಪಹಣಿಯಲ್ಲಿ ಐದು ಗುಂಟೆ 'ಬ' ಖರಾಬು ಇರುವುದು ಈಗಷ್ಟೇ ನನ್ನ ಗಮನಕ್ಕೆ ಬಂತು. ಬಂಡಿದಾರಿ ನನ್ನ ಲಂಟಾನದ ನಡುವೆಯೇ ಹೋಗಬೇಕಂತೆ. ಅದು ಮುಚ್ಚಿಹೋಗಿ ಆರು ವರ್ಷವಾಯಿತೆಂದು ಅಳತೆ ನೋಡಲು ಬಂದವರೆಲ್ಲ ಒಟ್ಟಿಗೆ ಹೇಳಿದರು. ಸೋಮವಾರ ಯಂತ್ರ ಬರುತ್ತದೆ, ಮೊದಲು ಆ ದಾರಿಯನ್ನು ಬಿಡಿಸಿ ನಂತರ ಬೀಳಿಗೆ ಇಳಿಯಲು ಹೇಳಿದ್ದೇನೆ. ಪಕ್ಕದವರು ತಮ್ಮ ಕಡೆಯಿಂದ ಅರ್ಧ ಗಂಟೆಯ ಬಾಡಿಗೆ ಕೊಡುತ್ತೇನೆಂದಿದ್ದಾರೆ, ಕಲ್ಲು ಹೂಳುವ ಕೂಲಿಯನ್ನು ಮಾತ್ರ ನಾನೇ ಕೊಡಬೇಕಂತೆ.